ಜನವರಿಯ ಉತ್ಸಾಹ ಯಾಜಕಕಾಂಡದಲ್ಲಿ ಮುಗ್ಗರಿಸದಿರಲು: ಬೈಬಲನ್ನು ದಿನಾ ಓದುವ ಕ್ರಮ

ಹೊಸ ವರ್ಷದ ಆರಾಧನೆ ಮುಗಿಸಿ ಬಂದವರು ಜನವರಿ 1ರಂದು ಆದಿಕಾಂಡ ತೆರೆಯುತ್ತಾರೆ. ದಿನಕ್ಕೆ ಮೂರು ಅಧ್ಯಾಯ, ಭಾನುವಾರ ಐದು. ಹೀಗೆ ಓದಿದರೆ 66 ಪುಸ್ತಕಗಳ 1,189 ಅಧ್ಯಾಯಗಳೂ ವರ್ಷದೊಳಗೆ ಮುಗಿಯುತ್ತವೆ. ಲೆಕ್ಕವೇನೋ ಸರಿ. ಆದರೆ ಆದಿಕಾಂಡದ 50, ವಿಮೋಚನಕಾಂಡದ 40 ದಾಟುವಷ್ಟರಲ್ಲಿ ಜನವರಿ ಕೊನೆಯಾಗಿರುತ್ತದೆ, ಮುಂದೆ ಯಾಜಕಕಾಂಡ ಕಾದಿರುತ್ತದೆ. ಯಾವ ಯಜ್ಞಕ್ಕೆ ಯಾವ ಪಶು, ಕೊಬ್ಬನ್ನು ಏನು ಮಾಡಬೇಕು, ಮನೆಯ ಗೋಡೆಗೆ ಬೂಷ್ಟು ಹಿಡಿದರೆ ಯಾರಿಗೆ ತೋರಿಸಬೇಕು ಎಂಬ ವಿಧಿಗಳು. ಒಂದು ದಿನ ತಪ್ಪುತ್ತದೆ. ಮರುದಿನಕ್ಕೆ ಆರು ಅಧ್ಯಾಯ, ಅದರ ಮರುದಿನಕ್ಕೆ ಒಂಬತ್ತು. ಸಾಲ ಏರಿದ ಮೇಲೆ ಅಂಗಡಿಯ ಮುಂದೆ ಹಾಯುವುದನ್ನೇ ಬಿಡುವವರ ಹಾಗೆ ಪುಸ್ತಕವನ್ನೂ ತಪ್ಪಿಸಿಕೊಂಡು ತಿರುಗುತ್ತಾರೆ. ಫೆಬ್ರವರಿ ಎರಡನೆಯ ವಾರಕ್ಕೆ ಅದು ಮತ್ತೆ ಶೋಕೇಸಿನಲ್ಲಿ.

ಆದ್ದರಿಂದ ಮೊದಲ ವರ್ಷ "ಒಂದು ವರ್ಷದಲ್ಲಿ ಇಡೀ ಬೈಬಲ್" ಎಂಬ ಪಟ್ಟಿಯನ್ನು ಮುಟ್ಟಬೇಡಿ. ದಿನಕ್ಕೆ ಹದಿನೈದು ವಚನ, ಇಪ್ಪತ್ತು ನಿಮಿಷ ಸಾಕು.

ಯಾವ ಬೈಬಲ್?

ಮನೆಯಲ್ಲಿರುವ ಹಳೆಯ ಸತ್ಯವೇದವನ್ನು ಬಿಡಬೇಡಿ. ಅದರ ಪಕ್ಕಕ್ಕೆ ಈಚಿನ ಕನ್ನಡದ ಇನ್ನೊಂದು ಅನುವಾದ ಇಟ್ಟುಕೊಳ್ಳಿ. ಹಳೆಯದರ ಲಯ ಬಾಯಿಪಾಠಕ್ಕೆ ಒಳ್ಳೆಯದು, ಆದರೆ ಅದರ ಕೆಲವು ಮಾತುಗಳು ಇಂದಿನ ಓದುಗರ ದಾರಿ ತಪ್ಪಿಸುತ್ತವೆ. "ನೀತಿವಂತ" ಎಂದರೆ ಶಾಲೆಯ ನೀತಿಪಾಠದ ಒಳ್ಳೆಯ ಹುಡುಗನಲ್ಲ, ದೇವರ ಮುಂದೆ ಸರಿಯಾಗಿ ನಿಲ್ಲಬಲ್ಲವನು. "ಸುಂಕದವನು" ಬರೀ ತೆರಿಗೆ ಇಲಾಖೆಯ ನೌಕರನಲ್ಲ, ಪರರ ಆಳ್ವಿಕೆಗಾಗಿ ತನ್ನ ಜನರಿಂದಲೇ ವಸೂಲಿ ಮಾಡಿ ಬೈಸಿಕೊಂಡವನು. ಒಮ್ಮೊಮ್ಮೆ ಹಳೆಯ ಮಾತೇ ಹೆಚ್ಚು ನಿಖರ: ಯೇಸುವಿನ ಜೀವನ ಹೇಳುವ ಮಾರ್ಕನ ಸುವಾರ್ತೆಯ 6:48ರ (6ನೆಯ ಅಧ್ಯಾಯ, 48ನೆಯ ವಚನ) "ನಾಲ್ಕನೆಯ ಜಾವ" ಎಂದರೆ ನಮ್ಮ ಲೆಕ್ಕದಲ್ಲೂ ಬೆಳಗಿನ ಜಾವ ಮೂರರಿಂದ ಆರು. ಯೇಸುವಿನ ಶಿಷ್ಯರು ದೋಣಿಯಲ್ಲಿ ಎಷ್ಟು ಹೊತ್ತು ಹುಟ್ಟು ಹಾಕಿ ದಣಿದಿದ್ದರು ಎಂಬುದು ಆ ಒಂದು ಪದದಿಂದಲೇ ಗೊತ್ತಾಗುತ್ತದೆ. ಅರ್ಥವಾಗದ ಪದಕ್ಕೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಈಗಲೂ ಕೈಬಿಡುವುದಿಲ್ಲ.

ಕ್ಯಾಥೊಲಿಕರ ಬೈಬಲಿನಲ್ಲಿ 73 ಪುಸ್ತಕಗಳಿವೆ. ಹಳೆಯ ಸತ್ಯವೇದದಲ್ಲಿ ದೇವರ ಹೆಸರು "ಯೆಹೋವ" ಎಂದಿರುವಲ್ಲಿ ಕ್ಯಾಥೊಲಿಕರದರಲ್ಲಿ "ಸರ್ವೇಶ್ವರ" ಎಂದಿರುತ್ತದೆ. ಎರಡನ್ನೂ ಜೋಡಿಸಿ ಓದುವವರು ಗಾಬರಿಯಾಗಬೇಕಿಲ್ಲ.

ಕೊಳ್ಳುವುದಾದರೆ ಅಕ್ಷರದ ಗಾತ್ರ ನೋಡಿ ಕೊಳ್ಳಿ. ಜಿಪ್ ಇರುವ ಚರ್ಮದ ಹೊದಿಕೆ, ಚಿನ್ನದಂಚು, ಒಳಗೆ ಇರುವೆಯಂಥ ಅಕ್ಷರ: ಇದು ಮದುವೆಯಲ್ಲಿ ಉಡುಗೊರೆ ಕೊಡಲಷ್ಟೇ ಲಾಯಕ್ಕು. ಬೈಬಲಿನ ಕಾಗದ ತೆಳು, ಜೆಲ್ ಪೆನ್ನು ಮತ್ತು ಹೈಲೈಟರ್ ಆಚೆ ಪುಟಕ್ಕೆ ಸೋರುತ್ತವೆ. ಪೆನ್ಸಿಲ್ ಬಳಸಿ. ಜೊತೆಗೆ 200 ಪುಟದ ಒಂದು ಲಾಂಗ್ ಬುಕ್. ಮೊಬೈಲ್ ಆ್ಯಪನ್ನು ಬಸ್ಸಿನಲ್ಲಿ ಕೇಳಲು ಇಟ್ಟುಕೊಳ್ಳಿ. ಸತತ ಎಷ್ಟು ದಿನ ಓದಿದಿರಿ ಎಂದು ಎಣಿಸಿ ಬೆನ್ನು ತಟ್ಟುವ ಸೌಲಭ್ಯವನ್ನು ಮೊದಲು ಆಫ್ ಮಾಡಿ. ಎಣಿಕೆ ಉಳಿಸಲೆಂದೇ ರಾತ್ರಿ 11:55ಕ್ಕೆ ಒಂದು ವಚನ ತೆರೆದು ಮುಚ್ಚುವ ಚಾಳಿ ಅಲ್ಲಿಂದಲೇ ಹತ್ತುವುದು.

ಎಲ್ಲಿಂದ ಶುರು?

ಮಾರ್ಕನಿಂದ. ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, 16 ಅಧ್ಯಾಯ, 678 ವಚನ. ಮೊದಲ ಭಾನುವಾರ ಮಧ್ಯಾಹ್ನ ಒಂದೇ ಕೂತಿನಲ್ಲಿ ಕಥೆಯಂತೆ ಇಡೀ ಓದಿಬಿಡಿ, ಏನೂ ಬರೆಯಬೇಡಿ. ಸೋಮವಾರದಿಂದ ದಿನಕ್ಕೊಂದು ತುಣುಕು. ವಾರಕ್ಕೆ ಆರು ದಿನದಂತೆ ಏಳೆಂಟು ವಾರಕ್ಕೆ ಮುಗಿಯುತ್ತದೆ. ಏಳನೆಯ ದಿನ ವಾರದ ಟಿಪ್ಪಣಿಯನ್ನು ತಿರುವಿ ಹಾಕಿ. ದಿನವೂ ಕೊನೆಗೆ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ. 119ನೆಯದಕ್ಕೆ 176 ವಚನ. ಅದು ಎಂಟೆಂಟು ವಚನದ 22 ಕಂತಾಗಿಯೇ ರಚನೆಯಾಗಿದೆ, ಹಾಗೆಯೇ ಓದಿ.

ತುಣುಕು ಮಾಡುವಾಗ ಅಧ್ಯಾಯದ ಗೆರೆಯನ್ನು ನಂಬಬೇಡಿ. ಅಧ್ಯಾಯಗಳು 13ನೆಯ ಶತಮಾನದವು, ಹೊಸ ಒಡಂಬಡಿಕೆಯ ವಚನಸಂಖ್ಯೆ 1551ರ ಒಂದು ಮುದ್ರಣದ್ದು. ಮೂಲ ಬರೆದವರು ಅವನ್ನು ಕಂಡವರಲ್ಲ. ಮಾರ್ಕ 9:1 ಸೇರಬೇಕಾದ್ದು ಎಂಟನೆಯ ಅಧ್ಯಾಯದ ಕೊನೆಯ ಮಾತಿಗೆ. ದಪ್ಪಕ್ಷರದ ಉಪಶೀರ್ಷಿಕೆಗಳೂ ಪ್ರಕಾಶಕರವು.

ಎಡವುವ ಜಾಗ

ಓದು ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ. ತುಣುಕನ್ನು ಒಮ್ಮೆ ಓದಿ, ಕಣ್ಣು ಮುಚ್ಚಿ, "ಇಂದು ಇದು ನನಗೆ ಏನು ಹೇಳುತ್ತದೆ?" ಎಂದು ಕೇಳಿಕೊಳ್ಳುವುದು. ಈ ಪ್ರಶ್ನೆ ಕೊನೆಗೆ ಬರಬೇಕು. ಮೊದಲೇ ಕೇಳಿದರೆ ನಿಮ್ಮ ಮನಸ್ಸಿನಲ್ಲಿ ಆಗಲೇ ಇದ್ದದ್ದೇ ವಚನದ ವೇಷ ಹಾಕಿ ಎದುರು ಬಂದು ನಿಲ್ಲುತ್ತದೆ.

ಮಾರ್ಕ 10:46–52, ಕುರುಡ ಬಾರ್ತಿಮಾಯನ ಭಾಗವನ್ನೇ ತೆಗೆದುಕೊಳ್ಳಿ. ಬರೀ ಏಳು ವಚನ.

ಮೊದಲು ಗಟ್ಟಿಯಾಗಿ ಓದಿ. ಕಣ್ಣು ಹಾರಿಸುವುದನ್ನು ನಾಲಿಗೆ ಹಾರಿಸುವುದಿಲ್ಲ. ಎರಡನೆಯ ಸಲ ಓದುವಾಗ ಲಾಂಗ್ ಬುಕ್ಕಿನಲ್ಲಿ ಕ್ರಿಯಾಪದಗಳನ್ನಷ್ಟೇ ಸಾಲಾಗಿ ಇಳಿಸಿ: ಕೂತಿದ್ದ, ಕೇಳಿದ, ಕೂಗಿದ, ಗದರಿಸಿದರು, ಇನ್ನೂ ಕೂಗಿದ, ನಿಂತ, ಕರೆದರು, ಬಿಸಾಡಿದ, ಎದ್ದ, ಬಂದ, ಹಿಂದೆ ಹೋದ. ಅರ್ಧ ಪುಟವೂ ಆಗುವುದಿಲ್ಲ, ಆದರೆ ಹತ್ತು ಸಲ ಕೇಳಿದ ಕಥೆಯಲ್ಲೂ ಕಾಣದ್ದು ಕಾಣುತ್ತದೆ. ಯೇಸು ನಡೆಯುತ್ತಿದ್ದವನು ನಿಂತದ್ದು ಆ ಕೂಗಿಗೆ. "ಸುಮ್ಮನಿರು" ಎಂದು ಗದರಿದ ಗುಂಪಿನ ನಡುವಿನಿಂದಲೇ ಆಮೇಲೆ "ಧೈರ್ಯವಾಗಿರು, ಕರೆಯುತ್ತಾನೆ" ಎಂಬ ಮಾತು ಬರುತ್ತದೆ. ಶುರುವಿನಲ್ಲಿ ಅವನು ದಾರಿಯ ಬದಿಯಲ್ಲಿದ್ದ, ಕೊನೆಯಲ್ಲಿ ದಾರಿಯಲ್ಲೇ ಇದ್ದಾನೆ.

ಮೂರನೆಯ ಸಲ ಹಿಂದುಮುಂದಿನ ಭಾಗ ಸೇರಿಸಿ ಓದಿ. ಇದನ್ನು ಬಿಟ್ಟರೆ ಮಾಡಿದ್ದೆಲ್ಲ ಅರ್ಧ. ಯೇಸು ಕುರುಡನನ್ನು ಕೇಳುವುದು, ನಿನಗೆ ನಾನು ಏನು ಮಾಡಬೇಕು ಎಂದು (10:51). ಹದಿನೈದು ವಚನ ಹಿಂದಕ್ಕೆ ಹೋದರೆ 10:36ರಲ್ಲಿ ಶಿಷ್ಯರಾದ ಯಾಕೋಬ ಯೋಹಾನರಿಗೂ ಅದೇ ಪ್ರಶ್ನೆ. ಅವರು ಕೇಳಿದ್ದು ಯೇಸುವಿನ ಬಲಗಡೆ ಎಡಗಡೆಯ ಆಸನ. ಭಿಕ್ಷುಕ ಕೇಳಿದ್ದು ಕಣ್ಣು. ಮಾರ್ಕ ಇವೆರಡನ್ನೂ ಅಕ್ಕಪಕ್ಕ ಇಟ್ಟಿರುವುದು ಸುಮ್ಮನೆ ಅಲ್ಲ. ಇನ್ನೂ ಹಿಂದೆ, 8:22ರಲ್ಲಿ, ಬೇತ್ಸಾಯಿದದ ಕುರುಡನಿದ್ದಾನೆ. ಆ ಕುರುಡನಿಗೂ ಈ ಕುರುಡನಿಗೂ ನಡುವೆ ಯೇಸು ತನ್ನ ಮರಣವನ್ನು ಮೂರು ಸಲ ಮುಂತಿಳಿಸುತ್ತಾನೆ (8:31, 9:31, 10:33), ಶಿಷ್ಯರಿಗೆ ಮೂರು ಸಲವೂ ತಿಳಿಯುವುದಿಲ್ಲ. ಕಣ್ಣಿಲ್ಲದವರು ಯಾರು ಎಂದು ನಿಮ್ಮ ಟಿಪ್ಪಣಿಯಲ್ಲಿ ಬರೆಯಬೇಕಾದ್ದು ಈಗ.

ನಾಲ್ಕನೆಯದು ಅಡ್ಡ ಉಲ್ಲೇಖ. ಒಂದು ತುಣುಕಿಗೆ ಎರಡೇ ಎರಡು, ಅದಕ್ಕಿಂತ ಹೆಚ್ಚು ಬೇಡ. ಆತ ಬಿಸಾಡಿದ ಮೇಲುಹೊದಿಕೆಯ ಬೆಲೆ ಗೊತ್ತಾಗಬೇಕಾದರೆ ವಿಮೋಚನಕಾಂಡ 22:26–27 ನೋಡಿ: ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೂ ಹೊತ್ತು ಮುಳುಗುವುದರೊಳಗೆ ಮರಳಿಸಬೇಕು, ಅವನಿಗೆ ಹೊದೆಯಲು ಬೇರೆ ಇಲ್ಲ. ಆಮೇಲೆ ಮತ್ತಾಯ 20:29–34. ಅಲ್ಲಿ ಇಬ್ಬರು ಕುರುಡರು. ಈ ವ್ಯತ್ಯಾಸವನ್ನು ಆ ಬೆಳಗ್ಗೆಯೇ ಬಗೆಹರಿಸಲು ಹೋಗಿ ಯೂಟ್ಯೂಬಿನಲ್ಲಿ ಎರಡು ಗಂಟೆ ಕಳೆಯಬೇಡಿ. ಲಾಂಗ್ ಬುಕ್ಕಿನ ಹಿಂಬದಿಯಲ್ಲಿ "ಪ್ರಶ್ನೆಗಳು" ಎಂದು ಒಂದು ಪುಟ ಬಿಟ್ಟು ಅಲ್ಲಿ ಬರೆದಿಡಿ, ಸಭಾಪಾಲಕರನ್ನೋ ಗುರುಗಳನ್ನೋ ಕಂಡಾಗ ಕೇಳಿ. ವ್ಯಾಖ್ಯಾನದ ಪುಸ್ತಕ, ಅಡಿಟಿಪ್ಪಣಿ ಇರುವ ಬೈಬಲ್ ತೆರೆಯುವುದು ಈ ನಾಲ್ಕೂ ಆದ ಮೇಲೆ. ಮೊದಲೇ ತೆರೆದರೆ ಓದಿದ್ದು ಟಿಪ್ಪಣಿಯನ್ನೇ ಹೊರತು ಮಾರ್ಕನನ್ನಲ್ಲ.

ಈಗ ಅನ್ವಯ, ಅಂದರೆ ಕೊನೆಗೆ ಬರಬೇಕು ಎಂದ ಆ ಪ್ರಶ್ನೆ. ಎರಡು ಬಗೆಯ ತಪ್ಪು ಇಲ್ಲಿ ಸಾಮಾನ್ಯ. ಒಂದು, ಒಬ್ಬನಿಗೆ ಆದದ್ದನ್ನು ಎಲ್ಲರಿಗೂ ನಿಯಮ ಮಾಡುವುದು. "ನಂಬಿಕೆ ಇದ್ದವನಿಗೆ ಕಣ್ಣು ಬಂತು" ಎಂಬುದನ್ನು ಹಿಡಿದು, ಡಯಾಲಿಸಿಸ್ಸಿಗೆ ಹೋಗುವ ಪಕ್ಕದ ಮನೆಯವರಿಗೆ "ನಿಮ್ಮ ನಂಬಿಕೆ ಸಾಲದು" ಎನ್ನುವವರಿದ್ದಾರೆ. ಭಾಗದಲ್ಲಿ ಹಾಗೆ ಎಲ್ಲೂ ಇಲ್ಲ. ಎರಡನೆಯದು ಪೊಳ್ಳು ಮಾತು: "ನಾನು ಇನ್ನೂ ಹೆಚ್ಚು ನಂಬಬೇಕು." ಇಂಥದ್ದನ್ನು ಬರೆದಿದ್ದರೆ ಹೊಡೆದುಹಾಕಿ. ಅನ್ವಯ ಒಂದೇ ವಾಕ್ಯವಾಗಿರಲಿ, ಮಲಗುವುದರೊಳಗೆ ಮಾಡಿ ಮುಗಿಸುವಂಥದ್ದಾಗಿರಲಿ. ಗುಂಪು ಗದರಿಸಿದ್ದನ್ನು ಓದಿದ ದಿನ, "ಕೇಳಿದ್ದನ್ನೇ ಕೇಳುತ್ತಾಳೆ ಎಂದು ನಿನ್ನೆ ಅಜ್ಜಿಯ ಬಾಯಿ ಮುಚ್ಚಿಸಿದೆ. ಇವತ್ತು ಪಕ್ಕ ಕೂತು ಏನು ಬೇಕು ಎಂದು ಕೇಳುತ್ತೇನೆ" ಎಂದು ಬರೆದರೆ ಸಾಕು. ಪ್ರಾರ್ಥನೆಯೂ ಆ ವಾಕ್ಯದಿಂದಲೇ ಹೊರಡಲಿ, ಉದ್ದ ಬೇಕಿಲ್ಲ. ಓದು, ಧ್ಯಾನ, ಪ್ರಾರ್ಥನೆ, ಮೌನ ಎಂಬ ನಾಲ್ಕು ಮೆಟ್ಟಿಲಿನ ಕ್ರಮ 12ನೆಯ ಶತಮಾನದಿಂದಲೂ ಮಠಗಳಲ್ಲಿದೆ. ನಾಲ್ಕನೆಯದಕ್ಕೆ ಎರಡು ನಿಮಿಷವಾದರೂ ಬಿಡಿ.

ವಾಗ್ದಾನದ ಕಾರ್ಡುಗಳ ಬಗ್ಗೆ

ಬಟ್ಟಲಿನಿಂದ ಚೀಟಿ ಎತ್ತಿದಂತೆ ವಾಗ್ದಾನದ ವಚನ ಅಚ್ಚಾದ ಕಾರ್ಡನ್ನು ವರ್ಷಕ್ಕೊಂದು ಎತ್ತುವುದು, ಪುಸ್ತಕವನ್ನು ಎಲ್ಲೋ ತೆರೆದು ಬೆರಳಿಟ್ಟು ಉತ್ತರ ಹುಡುಕುವುದು, ವಾಟ್ಸ್ಆ್ಯಪಿನಲ್ಲಿ ಸೂರ್ಯೋದಯದ ಚಿತ್ರದ ಮೇಲೆ ಬಂದ ವಚನವನ್ನೇ ಇಂದಿನ ಓದು ಎಂದುಕೊಳ್ಳುವುದು: ಇವು ಅಡ್ಡದಾರಿಗಳು. ಕ್ಯಾಲೆಂಡರುಗಳ ಮೆಚ್ಚಿನ ಯೆರೆಮೀಯ 29:11ನ್ನೇ ನೋಡಿ. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆ ಹಿತದ್ದೇ ಎಂಬ ಆ ಮಾತು ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದ ನಡುವೆ ಇದೆ. ಹಿಂದಿನ ವಚನವೇ 70 ವರ್ಷ ಕಾಯಬೇಕು ಎನ್ನುತ್ತದೆ. 28ನೆಯ ಅಧ್ಯಾಯದಲ್ಲಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದ ಹನನ್ಯನನ್ನು ಯೆರೆಮೀಯ ಸುಳ್ಳುಗಾರ ಎಂದಿದ್ದ. ಮನೆ ಕಟ್ಟಿ, ತೋಟ ಮಾಡಿ, ಸೆರೆ ಒಯ್ದ ಊರಿನ ಕ್ಷೇಮಕ್ಕೇ ಪ್ರಾರ್ಥಿಸಿ ಎಂಬುದು ಪತ್ರದ ಆಜ್ಞೆ. ವೀಸಾ ಸಂದರ್ಶನದ ಹಿಂದಿನ ರಾತ್ರಿ ಆ ಕಾರ್ಡ್ ಕೈಗೆ ಬಂದವರು 4ರಿಂದ 14ರವರೆಗೆ ಪೂರ್ತಿ ಓದಿ ಮಲಗಲಿ.

ತಪ್ಪಿದ ದಿನಗಳು

ಲಾಂಗ್ ಬುಕ್ಕಿನಲ್ಲಿ ತಾರೀಖು ಹಾಕಬೇಡಿ, ತುಣುಕಿನ ಸಂಖ್ಯೆ ಹಾಕಿ. ನಾಲ್ಕು ದಿನ ತಪ್ಪಿದರೆ ಐದನೆಯ ದಿನ ನಿಂತಲ್ಲಿಂದ ಮುಂದೆ, ಬಾಕಿ ತೀರಿಸುವ ಮಾತೇ ಇಲ್ಲ. ಹೊತ್ತು ಬೆಳಗ್ಗೆಯೇ ಆಗಬೇಕೆಂದೂ ಇಲ್ಲ, ದಿನವೂ ಅದೇ ಹೊತ್ತಾಗಿದ್ದರೆ ಆಯಿತು. ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಅದೇ ತುಣುಕನ್ನು ಮಕ್ಕಳಿಂದ ಸರದಿಯಲ್ಲಿ ಓದಿಸಿ, ಹತ್ತು ನಿಮಿಷ ಮೀರಬೇಡಿ.

ಮಾರ್ಕನಾದ ಮೇಲೆ ಲೂಕ ಮತ್ತು ಅಪೊಸ್ತಲರ ಕೃತ್ಯಗಳು ಒಟ್ಟಿಗೆ. ಎರಡೂ ಥೆಯೊಫಿಲನೆಂಬ ಒಬ್ಬನಿಗೆಂದೇ ಬರೆದವು, ಒಂದರ ಮುಂದುವರಿಕೆ ಇನ್ನೊಂದು. ಆಮೇಲೆ ಆದಿಕಾಂಡ, ವಿಮೋಚನಕಾಂಡದ ಮೊದಲ 20 ಅಧ್ಯಾಯ, ಫಿಲಿಪ್ಪಿಯವರಿಗೆ ಬರೆದ ಪತ್ರ. ಯಾಜಕಕಾಂಡಕ್ಕೆ ಎರಡನೆಯ ವರ್ಷ ಹೋಗಿ, ಅದೂ ಮೊದಲ ಪುಟದಿಂದ ಅಲ್ಲ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಯನ್ನು ಮಾರ್ಕ 12:31ರಲ್ಲಿ ಓದಿದ ದಿನ ಅಂಚಿನಲ್ಲಿ ಪೆನ್ಸಿಲಿನಿಂದ "ಯಾಜಕಕಾಂಡ 19:18" ಎಂದು ಬರೆದಿಡಿ. ಯೇಸು ಆ ಮಾತನ್ನು ಎತ್ತಿಕೊಂಡದ್ದು ಅಲ್ಲಿಂದ. ಮರುವರ್ಷ ಆ 19ನೆಯ ಅಧ್ಯಾಯದಿಂದಲೇ ಒಳಗೆ ಕಾಲಿಡಿ.