ಮಗುವಿನ ಜೀವನಾಂಶ ಬಾಕಿ ಬೀಳದಂತೆ ಕಟ್ಟುವುದು ಹೇಗೆ?

ಕೋರ್ಟಿನ ವಾಯಿದೆಯ ದಿನ ಒಬ್ಬರು ಪ್ಲಾಸ್ಟಿಕ್ ಕವರ್ ತುಂಬ ಬಿಲ್ ತಂದಿದ್ದರು. ಮಗಳ ಶೂ, ಸೈಕಲ್, ಹುಟ್ಟುಹಬ್ಬದ ಫ್ರಾಕು. ಗೌರಿ ಹಬ್ಬಕ್ಕೆ ಅಜ್ಜಿಯ ಕೈಲಿ ಕಳಿಸಿದ 5,000ಕ್ಕೆ ಮಾತ್ರ ಬಿಲ್ ಇರಲಿಲ್ಲ. ಖರ್ಚು ಮಾಡಿದ್ದು ಸುಳ್ಳಲ್ಲ. ಆದರೆ ಆದೇಶದಲ್ಲಿದ್ದದ್ದು ತಿಂಗಳಿಗೆ 8,000 ರೂಪಾಯಿ, ತಾಯಿಯ ಖಾತೆಗೆ. ಎರಡು ವರ್ಷದಲ್ಲಿ ಖಾತೆಗೆ ಬಿದ್ದದ್ದು ಏಳು ತಿಂಗಳದ್ದು. ಮಿಕ್ಕಿದ್ದೆಲ್ಲ ಬಾಕಿ. ಇಂಥ ಕವರ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಆದೇಶದ ದೃಢೀಕೃತ ನಕಲು ತೆಗೆದುಕೊಳ್ಳಿ. ಎಷ್ಟು, ಯಾರ ಖಾತೆಗೆ, ಯಾವ ತಾರೀಖಿನೊಳಗೆ, ಯಾವತ್ತಿನಿಂದ ಅಂತ ಓದಿ. ಎಡವುವುದು ಕೊನೆಯದರಲ್ಲೇ. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಕೊಡಿಸಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಸು 22 ತಿಂಗಳು ಎಳೆದು, ನಡುವೆ ನೀವೇನೂ ಕೊಡದಿದ್ದರೆ ತಿಂಗಳಿಗೆ 8,000ದಂತೆ ಆದೇಶದ ದಿನವೇ ತಲೆ ಮೇಲೆ 1,76,000 ರೂಪಾಯಿ ಕೂತಿರುತ್ತದೆ. ಹಾಗಾಗಿ ನೋಟಿಸ್ ಬಂದ ತಿಂಗಳಿಂದಲೇ ಒಂದಷ್ಟು ಕಟ್ಟುತ್ತಾ ಬನ್ನಿ.

ಮುಂದಿನದು ಕಟ್ಟುವ ದಾರಿ. ಕೈಗೆ ನಗದು ಬೇಡವೇ ಬೇಡ. ಭಾವಮೈದ, ಅತ್ತೆ, ಪಕ್ಕದ ಮನೆಯವರು, ಯಾರ ಮೂಲಕವೂ ಬೇಡ. ಸಂಬಳ 1ಕ್ಕೆ ಬಂದರೆ 3ಕ್ಕೆ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿ. ಯುಪಿಐ ಆದರೆ ಷರಾದಲ್ಲಿ 'ಜೀವನಾಂಶ, ಜೂನ್' ಅಂತ ಬರೆಯಿರಿ. ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ, ಮೊಬೈಲ್ ಬದಲಾದರೆ ಹೋಯಿತು. ಮೂರು ತಿಂಗಳಿಗೊಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ಸ್ಕೂಲ್ ಫೀಸ್ ನೇರವಾಗಿ ಕಟ್ಟಿದರೆ ಅದು ಜೀವನಾಂಶಕ್ಕೆ ತಾನಾಗಿ ವಜಾ ಆಗುವುದಿಲ್ಲ. ವಜಾ ಮಾಡಿಕೊಳ್ಳಲು ಇಬ್ಬರೂ ಒಪ್ಪಿದರೆ ಕೋರ್ಟಿಗೆ ಜಾಯಿಂಟ್ ಮೆಮೊ, ಅಂದರೆ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ ಹಾಕಿ. ವಾಟ್ಸ್ಆ್ಯಪ್‌ನಲ್ಲಿ ಬಂದ 'ಸರಿ' ಸಾಲದು. ಸೈಕಲ್ ಕೊಡಿಸಿ, ಖಂಡಿತ ಕೊಡಿಸಿ. ಅದು ಉಡುಗೊರೆ ಅಷ್ಟೇ.

ಆಟೋ ಓಡಿಸುವವರು, ದಿನಗೂಲಿಯವರು ವಾರಕ್ಕೆ 2,000 ಬೇರೆ ಖಾತೆಗೆ ಹಾಕಿ. ವರ್ಷಕ್ಕೆ 52 ವಾರ ಅಲ್ವಾ, 96,000 ಕಟ್ಟಿದ ಮೇಲೂ 8,000 ಕೈಯಲ್ಲಿ ಉಳಿಯುತ್ತದೆ. ಕೈ ಕಟ್ಟಿದ ತಿಂಗಳಿಗೆ ಅದೇ ಆಸರೆ. ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳ ಹತ್ತಿರ ಮಾತ್ರ ಸುಳಿಯಬೇಡಿ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದು ಕಟ್ಟುವುದೂ ಅಷ್ಟೇ ಕೆಟ್ಟದ್ದು, ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ.

ಈಗ ಎಲ್ಲರೂ ಕೆಡಿಸಿಕೊಳ್ಳುವ ಘಟ್ಟ, ಕೆಲಸ ಹೋದಾಗ. ಹೆಚ್ಚಿನವರು ಸುಮ್ನೆ ಕೂರುತ್ತಾರೆ. ಹೊಸ ಕೆಲಸ ಸಿಕ್ಕ ಮೇಲೆ ಒಟ್ಟಿಗೆ ಕೊಡೋಣ ಅನ್ನುತ್ತಾರೆ. ಇತ್ತ ಬಾಕಿ ತಿಂಗಳು ತಿಂಗಳು ಬೆಳೆಯುತ್ತಿರುತ್ತದೆ. ಕೆಲಸ ಹೋದ ತಿಂಗಳೇ ಅರ್ಜಿ ಹಾಕಿ. ಪರಿಸ್ಥಿತಿ ಬದಲಾದರೆ ಮೊತ್ತ ಬದಲಿಸಲು ಮೊದಲು ಸಿಆರ್‌ಪಿಸಿಯ (ಹಳೇ ದಂಡ ಪ್ರಕ್ರಿಯಾ ಸಂಹಿತೆ) 127ನೇ ಸೆಕ್ಷನ್ ಇತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 146 ಇದೆ. ಕೆಲಸದಿಂದ ತೆಗೆದ ಪತ್ರ, ಆರು ತಿಂಗಳ ಸ್ಟೇಟ್‌ಮೆಂಟ್, ಬಾಡಿಗೆ ಕರಾರು ಲಗತ್ತಿಸಿ. ಆಸ್ತಿ–ಸಾಲದ ಅಫಿಡವಿಟ್‌ನಲ್ಲಿ ಏನೂ ಮುಚ್ಚಿಡಬೇಡಿ. ಊರಿನ ತೋಟ ಬಿಟ್ಟು ಬರೆದವರು ಸಿಕ್ಕಿಬಿದ್ದದ್ದು ಉಂಟು. ಹೊಸ ಆದೇಶ ಬರುವ ತನಕ ಹಳೇ ಮೊತ್ತವೇ ಲೆಕ್ಕ. ಪೂರ್ತಿ ಆಗದಿದ್ದರೆ 3,000 ಆದರೂ ಹಾಕಿ, ಸೊನ್ನೆ ತೋರಿಸಬೇಡಿ.

ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು ಅನ್ನುವ ಮಾತು ಸುಳ್ಳು. ಸಕಾರಣವಿಲ್ಲದೆ ಕಟ್ಟದಿದ್ದರೆ ವಾರಂಟ್ ಬರುತ್ತದೆ, ಒಂದೊಂದು ತಿಂಗಳ ಬಾಕಿಗೂ ಒಂದು ತಿಂಗಳವರೆಗೆ ಸೆರೆಮನೆ ಆಗಬಹುದು. ಹೊರಗೆ ಬಂದ ಮೇಲೂ ಹಣ ಕೊಡಲೇಬೇಕು.

'ಕಮ್ಮಿ ಮಾಡಿಸಿಕೊಡ್ತೀನಿ ಸಾರ್' ಅಂತ ಹಿಂದೆ ಬೀಳುವವರಿಗೆ ದುಡ್ಡು ಕೊಡಬೇಡಿ. ಆದಾಯ ಕಡಿಮೆಯಿದ್ದರೆ ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರನ್ನು ಕೇಳಬಹುದು. ಅದು ಬೆಂಗಳೂರಿನ ಸಿದ್ಧಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿದೆ. ಹೋಗುವಾಗ ಆದೇಶದ ನಕಲು, ಸ್ಟೇಟ್‌ಮೆಂಟ್ ಎರಡೂ ಇರಲಿ. ಬಿಲ್ಲಿನ ಕವರ್ ಮನೆಯಲ್ಲೇ ಬಿಡಿ.