ಮಲೆನಾಡಿನಲ್ಲಿ ದಿನಬಳಕೆಯ ಪುಟ್ಟ ಸ್ಪೋರ್ಟ್ಸ್ ಕಾರು: ಯಾವ ಅಪ್‌ಗ್ರೇಡ್ ಮೊದಲು, ಯಾವುದು ಆಮೇಲೆ

ಪೋಲೋ ಜಿಟಿ, ಐ20 ಎನ್ ಲೈನ್, ಟರ್ಬೊ ಎಂಜಿನ್ನಿನ ಫ್ರಾಂಕ್ಸ್‌ನಂಥ ಚುರುಕಾದ ಪುಟ್ಟ ಕಾರನ್ನು ದಿನಬಳಕೆಗೆ ಇಟ್ಟುಕೊಂಡವರು ಒಂದೆರಡು ವರ್ಷ ಕಳೆಯುತ್ತಿದ್ದಂತೆ ಸಾಮಾನ್ಯವಾಗಿ ಮೊದಲು ಕೇಳುವುದು, ಇದರ ಪವರ್ ಇನ್ನೆಷ್ಟು ಹೆಚ್ಚಿಸಬಹುದು ಎಂದು. ಬೆಂಗಳೂರಿನ ಸುತ್ತಲಿನ ನೇರ ಹೆದ್ದಾರಿಗಳಲ್ಲಿ ಓಡಿಸುವವರಿಗೆ ಆ ಪ್ರಶ್ನೆ ಸರಿಯಿರಬಹುದು. ಆದರೆ ವಾರವಿಡೀ ಶಿವಮೊಗ್ಗದ ಪೇಟೆಯಲ್ಲಿ ಓಡಾಡಿ, ರಜೆ ಸಿಕ್ಕಾಗ ಮಂಡಗದ್ದೆ, ತೀರ್ಥಹಳ್ಳಿ ದಾಟಿ ಆಗುಂಬೆಗೋ, ಹೊಸನಗರದ ಮೇಲಿಂದ ಹುಲಿಕಲ್ ಘಾಟಿಗೋ ಹೊರಡುವವರು ಮೊದಲು ಯೋಚಿಸಬೇಕಾದದ್ದು ಬೇರೆಯೇ ಇದೆ. ಈ ಕಾರುಗಳಿಗೆ ಕಂಪನಿಯೇ ಕೊಟ್ಟಿರುವ 100ರಿಂದ 120 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿಯನ್ನು ಪೂರ್ತಿ ಬಳಸಿಕೊಳ್ಳಲು ಇಲ್ಲಿಯ ರಸ್ತೆ ಬಿಡುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ; ಮಳೆ ನಿಂತ ಮೇಲೂ ಮರದ ನೆರಳಿನ ತಿರುವುಗಳಲ್ಲಿ ತರಗೆಲೆ, ಪಾಚಿ, ತೋಟದ ಟ್ರ್ಯಾಕ್ಟರುಗಳು ತಂದ ಕೆಮ್ಮಣ್ಣು ವಾರಗಟ್ಟಲೆ ಉಳಿದಿರುತ್ತವೆ. ಮುಂದಿನ ಚಕ್ರಗಳಿಂದ ಓಡುವ ಕಾರನ್ನು ಒದ್ದೆ ಹೇರ್‌ಪಿನ್ ತಿರುವಿನಲ್ಲಿ ಎರಡನೇ ಗೇರಿನಲ್ಲಿ ಒತ್ತಿದರೆ ಒಳಮಗ್ಗುಲಿನ ಚಕ್ರ ಜಾರಿ ಸುತ್ತುತ್ತದೆ, ಹೆಚ್ಚುವರಿ ಟಾರ್ಕ್ (ಚಕ್ರವನ್ನು ತಿರುಗಿಸುವ ಬಲ) ಕೊಟ್ಟರೆ ಇನ್ನಷ್ಟು ಸುತ್ತುತ್ತದೆ, ಅಷ್ಟೆ. ಆದ್ದರಿಂದ ಟೈರು, ಬ್ರೇಕು, ಶಾಕ್ ಅಬ್ಸಾರ್ಬರ್ ಎಂಬ ಕ್ರಮದಲ್ಲಿ ಹಣ ಹಾಕಿ, ಎಂಜಿನ್ನನ್ನು ಕೊನೆಗೆ ಮುಟ್ಟಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾವ ಹೊಸ ಭಾಗವನ್ನು ಕೊಳ್ಳುವ ಮೊದಲೂ ಕಾರನ್ನು ಅದು ಶೋರೂಮಿನಿಂದ ಬಂದಾಗ ಇದ್ದ ಸ್ಥಿತಿಗೆ ತಂದುಕೊಳ್ಳಬೇಕು. ನಮ್ಮ ರಸ್ತೆಗಳಲ್ಲಿ ಐವತ್ತು ಅರವತ್ತು ಸಾವಿರ ಕಿ.ಮೀ. ಓಡಿದ ಕಾರಿನ ಚಕ್ರವನ್ನು ಹಿಡಿದಿಡುವ ಲೋಯರ್ ಆರ್ಮಿನ ರಬ್ಬರ್ ಬುಷ್‌ಗಳು ಬಿರುಕುಬಿಟ್ಟಿರುವುದು, ಸಸ್ಪೆನ್ಶನ್ನಿನ ಲಿಂಕ್ ರಾಡ್‌ಗಳು ಸಡಿಲವಾಗಿರುವುದು, ಎಂಜಿನ್ ಮೌಂಟ್ ಕುಸಿದಿರುವುದು ತೀರಾ ಸಾಮಾನ್ಯ. ಹಂಪಿನ ಮೇಲೆ ನಿಧಾನವಾಗಿ ಹತ್ತಿಸುವಾಗ ಟಕ್ ಟಕ್ ಎಂಬ ಸದ್ದು ಬಂದರೆ, ಅಥವಾ ನೇರ ರಸ್ತೆಯಲ್ಲಿ ಸ್ಟೀರಿಂಗ್ ಒಂದು ಕಡೆಗೆ ಎಳೆದರೆ, ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲೋ ನಿಮಗೆ ನಂಬಿಕೆಯಿರುವ ಬೇರೆ ಗ್ಯಾರೇಜಿನಲ್ಲೋ ಗಾಡಿಯನ್ನು ಲಿಫ್ಟಿಗೆ ಏರಿಸಿ, ಕೆಳಗೆ ನಿಂತು ಕಣ್ಣಾರೆ ನೋಡುವುದು ಉತ್ತಮ. ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ವೀಲ್ ಅಲೈನ್‌ಮೆಂಟ್ ಸರಿಪಡಿಸಿದ ಮೇಲೆ ಕಾರು ಮಂಕಾಗಿದೆ ಎಂಬ ದೂರು ಅರ್ಧಕ್ಕರ್ಧ ತಾನಾಗಿಯೇ ಹೋಗುತ್ತದೆ.

ಟೈರಿನ ವಿಷಯಕ್ಕೆ ಹೆಚ್ಚು ಸಮಯ ಕೊಡಬೇಕು, ಏಕೆಂದರೆ ಎಂಜಿನ್, ಬ್ರೇಕ್, ಸ್ಟೀರಿಂಗ್ ಇವೆಲ್ಲವೂ ರಸ್ತೆಯನ್ನು ಮುಟ್ಟುವುದು ಅಂಗೈಯಗಲದ ಆ ನಾಲ್ಕು ತಾಣಗಳ ಮೂಲಕವೇ. ಒಣ ಡಾಂಬರಿನ ಮೇಲೆ ಸಿಗುವ ಹಿಡಿತ ನೀರು ಹರಿಯುವ ರಸ್ತೆಯಲ್ಲಿ ಅರ್ಧದಷ್ಟಕ್ಕೆ ಇಳಿಯಬಹುದು. ಅದು ಎಷ್ಟು ಇಳಿಯುತ್ತದೆ ಎಂಬುದನ್ನು ಟೈರಿನ ರಬ್ಬರು ಮತ್ತು ನೀರನ್ನು ಹೊರದಬ್ಬುವ ಅದರ ಕಾಲುವೆಗಳು ನಿರ್ಧರಿಸುತ್ತವೆ. ಕಾರಿನ ಜೊತೆಗೆ ಬರುವ ಟೈರುಗಳನ್ನು ಹೆಚ್ಚಾಗಿ ಮೈಲೇಜು ಮತ್ತು ಬಾಳಿಕೆಗೆಂದು ಆರಿಸಿರುತ್ತಾರೆ. ಆದ್ದರಿಂದ ಬದಲಿಸುವಾಗ ಒದ್ದೆ ರಸ್ತೆಯ ಹಿಡಿತಕ್ಕೆ ಹೆಸರಾದ ಮೃದುವಾದ ಟೈರನ್ನು ಕೇಳಿ. ಯುರೋಪಿನ ಲೇಬಲ್ ಇರುವ ಟೈರಾದರೆ ವೆಟ್ ಗ್ರಿಪ್ ದರ್ಜೆಯನ್ನು ‘ಎ’ಯಿಂದ ‘ಇ’ವರೆಗೆ ನಮೂದಿಸಿರುತ್ತಾರೆ, ‘ಎ’ ಅಥವಾ ‘ಬಿ’ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಇಂಥ ಟೈರು ಬೇಗ ಸವೆಯುತ್ತದೆ ಎಂಬುದು ನಿಜ. ಆ ಖರ್ಚನ್ನು ಒಪ್ಪಿಕೊಳ್ಳುವುದೇ ಈ ಊರಿನಲ್ಲಿ ಮಾಡಬಹುದಾದ ಅತ್ಯುತ್ತಮ ಅಪ್‌ಗ್ರೇಡ್.

ಅಂಗಡಿಯಲ್ಲಿ ಟೈರನ್ನು ರಿಮ್ಮಿಗೆ ಏರಿಸುವ ಮೊದಲು ಅದರ ಪಕ್ಕದ ಗೋಡೆಯನ್ನು ಓದಬೇಕು. ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ: 2225 ಎಂದಿದ್ದರೆ 2025ನೇ ಇಸವಿಯ 22ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಟೈರಿನ ರಬ್ಬರು ಗಟ್ಟಿಯಾಗಿರುತ್ತದೆ, ಆದ್ದರಿಂದ ಒಂದು ವರ್ಷಕ್ಕಿಂತ ಹಳೆಯದನ್ನು ಬೇಡವೆನ್ನಲು ಸಂಕೋಚಪಡಬೇಕಾಗಿಲ್ಲ. ಕಾನೂನು 1.6 ಮಿ.ಮೀ. ಆಳದವರೆಗೆ ಟೈರು ಸವೆಯಲು ಬಿಡುತ್ತದೆಯಾದರೂ, ಮಳೆಗಾಲಕ್ಕೆ 3 ಮಿ.ಮೀ.ಯೇ ಕೊನೆಯೆಂದು ಇಟ್ಟುಕೊಳ್ಳಬೇಕು. ಅದಕ್ಕಿಂತ ಕಡಿಮೆಯಾದರೆ ನಿಂತ ನೀರಿನ ಮೇಲೆ ಟೈರು ತೇಲತೊಡಗುತ್ತದೆ. ಮೃಗಶಿರಾ ಮಳೆ ಶುರುವಾಗುವುದರೊಳಗೆ ಹೊಸ ಟೈರು ಹಾಕಿಸಿದರೆ, ಆರಿದ್ರಾ, ಪುನರ್ವಸು ಮಳೆಗಳು ಜಡಿಯುವ ಹೊತ್ತಿಗೆ ಅದರ ಮೇಲ್ಪದರದ ನುಣುಪು ಹೋಗಿ ಹಿಡಿತ ಸರಿಯಾಗಿ ಕೂತಿರುತ್ತದೆ.

ಅಳತೆ ಹೆಚ್ಚಿಸುವ ಆಸೆಯನ್ನು ಇಲ್ಲಿ ಬಿಗಿಹಿಡಿಯಬೇಕು. ಕಂಪನಿಯ 195/55 ಆರ್16 ಟೈರಿನ (195 ಮಿ.ಮೀ. ಅಗಲ, ಅದರ ಶೇ. 55ರಷ್ಟು ಎತ್ತರದ ಪಕ್ಕದ ಗೋಡೆ, 16 ಇಂಚಿನ ರಿಮ್) ಪಕ್ಕದ ಗೋಡೆ ಸುಮಾರು 107 ಮಿ.ಮೀ. ಎತ್ತರವಿರುತ್ತದೆ, ನೋಟಕ್ಕೆ ಚೆಂದವೆಂದು 205/45 ಆರ್17ಕ್ಕೆ ಹೋದರೆ ಅದು 92 ಮಿ.ಮೀ.ಗೆ ಇಳಿಯುತ್ತದೆ. ಹೊಂಡದ ಅಂಚಿಗೆ ಬಡಿದಾಗ ರಿಮ್ಮನ್ನು ಉಳಿಸುವುದು ಆ ಕಳೆದುಕೊಂಡ 15 ಮಿ.ಮೀ. ರಬ್ಬರೇ. ಮಳೆಗಾಲದಲ್ಲಿ ನೀರು ತುಂಬಿದ ಹೊಂಡದ ಆಳ ಕಾಣುವುದಿಲ್ಲ, ಅಲಾಯ್ ಬಿರುಕುಬಿಟ್ಟರೆ ಕಾಡಿನ ನಡುವೆ ಸಹಾಯ ಸಿಗುವುದೂ ತಡ. ಅಗಲ ಬೇಕೇಬೇಕೆನಿಸಿದರೆ ಅದೇ 16 ಇಂಚಿನ ರಿಮ್ಮಿಗೆ 205/50 ಹಾಕಬಹುದು, ಒಟ್ಟು ವ್ಯಾಸದಲ್ಲಿ ವ್ಯತ್ಯಾಸ ಶೇ. 1.5ರಷ್ಟು ಮಾತ್ರ ಬರುತ್ತದೆ. ಟೈರು ಹೊರಬಲ್ಲ ಭಾರವನ್ನು ಸೂಚಿಸುವ ಲೋಡ್ ಇಂಡೆಕ್ಸ್ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಆದರೆ ನೀರಿನ ಮೇಲೆ ಕಿರಿದಾದ ಟೈರೇ ಬೇಗ ನೆಲ ಮುಟ್ಟುತ್ತದೆ ಎಂಬ ಕಾರಣಕ್ಕೆ ಮೂಲ ಅಳತೆಯಲ್ಲೇ ಒಳ್ಳೆಯ ಟೈರು ಹಾಕುವುದು ನನಗೆ ಹೆಚ್ಚು ಒಪ್ಪಿಗೆ.

ಬ್ರೇಕಿನ ಮೇಲೆ ಘಾಟಿ ಎಷ್ಟು ಭಾರ ಹೇರುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಅರಿವಾಗುತ್ತದೆ. ಜನರೂ ಸಾಮಾನೂ ಸೇರಿ 1,300 ಕಿಲೋ ತೂಗುವ ಕಾರು 500 ಮೀಟರ್ ಎತ್ತರವನ್ನು ಇಳಿದಾಗ ಸುಮಾರು 64 ಲಕ್ಷ ಜೂಲ್ ಶಕ್ತಿಯನ್ನು ಎಲ್ಲಾದರೂ ಬಿಡಲೇಬೇಕು. ಅದೇ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ಪೂರ್ತಿ ನಿಲ್ಲಿಸುವುದಕ್ಕೆ ಬೇಕಾದದ್ದು ಸುಮಾರು 5 ಲಕ್ಷ ಜೂಲ್. ಅಂದರೆ ಒಂದು ಘಾಟಿ ಇಳಿಯುವುದು ಹನ್ನೆರಡು ಹದಿಮೂರು ಬಾರಿ ಅಷ್ಟು ವೇಗದಿಂದ ನಿಲ್ಲಿಸಿದ್ದಕ್ಕೆ ಸಮ. ಗಾಳಿಯ ತಡೆ ಮತ್ತು ಎಂಜಿನ್ ಒಂದು ಪಾಲನ್ನು ಹೊರುತ್ತವೆ. ಉಳಿದದ್ದೆಲ್ಲ ಡಿಸ್ಕು, ಪ್ಯಾಡು, ಬ್ರೇಕ್ ಆಯಿಲ್‌ಗಳಿಗೆ ಬಿಸಿಯಾಗಿ ಸೇರುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವವರು ಇಳಿಜಾರಿನಲ್ಲಿ ‘ಡಿ’ಯಲ್ಲಿಯೇ ಬಿಡದೆ ಮ್ಯಾನ್ಯುವಲ್ ಮೋಡಿಗೆ ಹಾಕಿ ಎರಡನೇ ಅಥವಾ ಮೂರನೇ ಗೇರನ್ನು ಹಿಡಿದಿಡುವುದು, ದುಡ್ಡು ಖರ್ಚಿಲ್ಲದೆ ಸಿಗುವ ಬ್ರೇಕ್ ಅಪ್‌ಗ್ರೇಡ್ ಆಗಿದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ, ಮಲೆನಾಡಿನಲ್ಲಿ ತೇವಕ್ಕೆ ಬರವಿಲ್ಲ. ಬ್ರೇಕ್ ಆಯಿಲಿನ ದರ್ಜೆಗಳಲ್ಲಿ ಒಂದಾದ ಡಾಟ್ 4 ಆಯಿಲ್ ಹೊಸದಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ಅದರಲ್ಲಿ ಶೇ. 3.7ರಷ್ಟು ನೀರು ಸೇರಿದರೆ ಆ ಮಟ್ಟ 155 ಡಿಗ್ರಿಗೆ ಕುಸಿಯುತ್ತದೆ. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳೆದ್ದು ಪೆಡಲ್ ಮೆತ್ತಗಾಗಿ ನೆಲಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಈ ಅಂಕಿಗಳು 260 ಮತ್ತು 180 ಡಿಗ್ರಿಯಾದ್ದರಿಂದ, ಕಂಪನಿಯ ಕೈಪಿಡಿ ಒಪ್ಪಿದರೆ ಅದನ್ನು ಹಾಕಿಸುವುದು ಒಳ್ಳೆಯದು. ಸಿಲಿಕೋನಿನಿಂದ ಮಾಡಿದ ಡಾಟ್ 5 ಬೇರೆಯೇ ಜಾತಿಯದು, ಅದನ್ನು ಇವುಗಳೊಡನೆ ಎಂದೂ ಬೆರೆಸಬಾರದು. ಬಾನೆಟ್ ಎತ್ತಿ ಡಬ್ಬಿಯೊಳಗೆ ಇಣುಕಿದಾಗ ಆಯಿಲ್ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿ ಕಂಡರೆ ಅಂದೇ ಬದಲಿಸಬೇಕು. ಬಣ್ಣ ತಿಳಿಯಾಗಿದ್ದರೂ ನೀರು ಸೇರಿರಬಹುದಾದ್ದರಿಂದ ಮೆಕ್ಯಾನಿಕ್ ಬಳಿ ಇರುವ ಪೆನ್ನಿನಾಕಾರದ ಟೆಸ್ಟರಿನಿಂದ ನೋಡಿಸಬೇಕು. ಕಂಪನಿಗಳು ಸಾಮಾನ್ಯವಾಗಿ ಎರಡು ವರ್ಷ ಎನ್ನುತ್ತವೆ, ನಮ್ಮ ಕಡೆ ವರ್ಷಕ್ಕೊಮ್ಮೆ ಬದಲಿಸುವುದು ಲೇಸು.

ಪ್ಯಾಡುಗಳಲ್ಲಿ ರೇಸ್ ಟ್ರ್ಯಾಕಿಗೆಂದು ಮಾಡಿದವನ್ನು ಬಿಟ್ಟುಬಿಡಬೇಕು. ಅವು ಕಾದ ಮೇಲೆ ಮಾತ್ರ ಕಚ್ಚುತ್ತವೆ, ಮಳೆಯ ಬೆಳಿಗ್ಗೆ ಮನೆಯಿಂದ ಹೊರಟು ಮೊದಲ ವೃತ್ತದಲ್ಲಿ ಬ್ರೇಕ್ ಒತ್ತುವಾಗ ಅವು ತಣ್ಣಗಿರುತ್ತವೆ. ರಸ್ತೆ ಬಳಕೆಯ ಪರ್ಫಾರ್ಮೆನ್ಸ್ ಪ್ಯಾಡ್ ಸಾಕು. ದೊಡ್ಡ ಡಿಸ್ಕು, ನಾಲ್ಕು ಪಿಸ್ಟನ್ನಿನ ಕ್ಯಾಲಿಪರುಗಳಿಗೆ ಈ ತೂಕದ ಕಾರಿನಲ್ಲಿ ಅಗತ್ಯವಿಲ್ಲ.

ಸಸ್ಪೆನ್ಶನ್ನಿಗೆ ಬಂದರೆ, ಕಾರನ್ನು 30–40 ಮಿ.ಮೀ. ತಗ್ಗಿಸುವ ಸ್ಪ್ರಿಂಗುಗಳು ಇಲ್ಲಿಗೆ ಹೊಂದುವುದಿಲ್ಲ. ಈ ಕಾರುಗಳ ನೆಲದಂತರ (ನೆಲಕ್ಕೂ ಕಾರಿನ ತಳಕ್ಕೂ ನಡುವಿನ ಅಂತರ) ಖಾಲಿ ಇರುವಾಗಲೇ ಸುಮಾರು 170ರಿಂದ 190 ಮಿ.ಮೀ. ಇದೆ; ನಾಲ್ವರು ಕೂತು ತೋಟದ ಮನೆಯ ಮಣ್ಣುದಾರಿಯಲ್ಲಿ, ನಡುವೆ ಹುಲ್ಲಿನ ದಿಬ್ಬ ಎದ್ದಿರುವ ಕಡೆ ಸಾಗುವಾಗ ಅದೂ ಸಾಲದೆ ಬರುತ್ತದೆ. ಸ್ಪ್ರಿಂಗ್ ಅತಿಯಾಗಿ ಬಿಗಿಯಾದರೆ ಒಡೆದ ಡಾಂಬರಿನ ಮೇಲೆ ಚಕ್ರ ಪುಟಿದು ನೆಲ ಬಿಡುತ್ತದೆ, ನೆಲ ಬಿಟ್ಟ ಟೈರಿಗೆ ಹಿಡಿತವೆಂಬುದೇ ಇರುವುದಿಲ್ಲ. ಮೂಲ ಸ್ಪ್ರಿಂಗನ್ನೇ ಉಳಿಸಿಕೊಂಡು, ಮೂಲ ಎತ್ತರಕ್ಕೆಂದೇ ಮಾಡಿದ ಉತ್ತಮ ಶಾಕ್ ಅಬ್ಸಾರ್ಬರುಗಳನ್ನು ಹಾಕುವುದು ಸರಿಯಾದ ಹಾದಿ. ಬಿಲ್‌ಸ್ಟೈನ್ ಕಂಪನಿಯ ಬಿ6 ಇಂಥದ್ದು. ಅದರ ಬಿ8 ತಗ್ಗಿಸಿದ ಸ್ಪ್ರಿಂಗಿಗೆ ಮಾಡಿದ್ದು, ಕೊಳ್ಳುವಾಗ ಅದಲುಬದಲಾಗದಂತೆ ನೋಡಿಕೊಳ್ಳಬೇಕು. ಶಾಕ್ ಅಬ್ಸಾರ್ಬರುಗಳನ್ನು ಜೋಡಿಯಾಗಿಯೇ ಬದಲಿಸಬೇಕು, ಜೊತೆಗೆ ಮೇಲಿನ ಸ್ಟ್ರಟ್ ಮೌಂಟ್ ಮತ್ತು ಬೇರಿಂಗನ್ನೂ ಹೊಸದಾಗಿ ಹಾಕಿಸಿದರೆ ಮತ್ತೆ ಬಿಚ್ಚುವ ಕೂಲಿ ಉಳಿಯುತ್ತದೆ.

ಏರ್ ಇನ್‌ಟೇಕ್ ಕಿಟ್‌ಗಳಿಂದ ಮಲೆನಾಡಿನವರು ದೂರವಿರುವುದೇ ಕ್ಷೇಮ. ಬಾನೆಟ್ಟಿನೊಳಗೆ ತೆರೆದಿಟ್ಟ ಕೋನ್ ಫಿಲ್ಟರು ಎಂಜಿನ್ನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ತಂಪು ಗಾಳಿಗೆಂದು ಬಂಪರಿನ ಕೆಳಗೆ ಇಳಿಸಿದ ಕೊಳವೆ ಅದಕ್ಕಿಂತ ಅಪಾಯಕಾರಿ: ಉಕ್ಕಿದ ಹಳ್ಳದ ನೀರು ಹರಿಯುವ ಮೋರಿಯನ್ನು ದಾಟುವಾಗ ಅದು ನೀರನ್ನೇ ಹೀರಬಹುದು. ನೀರನ್ನು ಒತ್ತಿ ಕುಗ್ಗಿಸಲಾಗದ ಕಾರಣ ಸಿಲಿಂಡರಿನೊಳಗೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹಾಳಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಆ ನಷ್ಟ ಸಾಮಾನ್ಯವಾಗಿ ಮಾಲೀಕನ ಮೇಲೆಯೇ ಬೀಳುತ್ತದೆ. ಸೈಲೆನ್ಸರ್ ಬದಲಿಸುವುದರಿಂದ ಸದ್ದು ಬದಲಾಗುವಷ್ಟು ಶಕ್ತಿ ಬದಲಾಗುವುದಿಲ್ಲ, ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸುವುದು ಕಾನೂನುಬಾಹಿರ.

ಇನ್ನು ಇಸಿಯು ರಿಮ್ಯಾಪ್, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ತಂತ್ರಾಂಶವನ್ನು ಬದಲಿಸಿ ಶಕ್ತಿ ಹೆಚ್ಚಿಸುವುದು. ಟರ್ಬೊ ಇಲ್ಲದ ಎಂಜಿನ್ನಿಗೆ ಇದರಿಂದ ಸಿಗುವುದು ಅತ್ಯಲ್ಪ, ಅಂಥವರು ಆ ಹಣವನ್ನು ಟೈರಿಗೆ ಹಾಕಬೇಕು. ಟರ್ಬೊ ಎಂಜಿನ್ನಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ, ಅದರಲ್ಲೂ ಘಾಟಿ ಏರುವಾಗ ಕೆಳಗಿನ ಆರ್‌ಪಿಎಮ್‌ನಲ್ಲಿ ಸಿಗುವ ಟಾರ್ಕ್ ನಿಜಕ್ಕೂ ಹಿತವಾದದ್ದು. ಆದರೆ ಗೇರ್‌ಬಾಕ್ಸಿಗೆ ಒಂದು ಮಿತಿಯಿದೆ. 1.2 ಲೀಟರ್ ಪೋಲೋ ಜಿಟಿ ಟಿಎಸ್‌ಐನ ಮೂಲ ಟಾರ್ಕ್ 175 ನ್ಯೂಟನ್ ಮೀಟರ್. ಅದರ ಏಳು ಗೇರಿನ ಒಣ ಕ್ಲಚ್ಚಿನ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ರೂಪಿಸಿರುವುದು 250ಕ್ಕೆ. ನಡುವಿನ ಅಂತರವನ್ನು ಪೂರ್ತಿ ತಿನ್ನುವ ಟ್ಯೂನನ್ನು ಆರಿಸಿ, ಘಾಟಿಯಲ್ಲಿ ಲಾರಿಯ ಹಿಂದೆ ತೆವಳುತ್ತಾ ಕ್ಲಚ್ಚನ್ನು ಅರೆಬರೆ ಕಚ್ಚಿಸಿಕೊಂಡು ಹೋದರೆ ಅದು ಬಹುಕಾಲ ಬಾಳುವುದಿಲ್ಲ. ಟ್ಯೂನರನ್ನು ಕೇಳಬೇಕಾದ ಮಾತುಗಳು ಇವು: ತೀರ್ಥಹಳ್ಳಿ, ಹೊಸನಗರದ ಬಂಕಿನಲ್ಲಿ ಸಿಗುವ ಸಾಧಾರಣ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿಗೇ ಇದನ್ನು ಹೊಂದಿಸಿದ್ದೀರಾ, ಅಥವಾ ಹೆಚ್ಚಿನ ಆಕ್ಟೇನಿನ ಪೆಟ್ರೋಲ್ ಬೇಕೇ ಬೇಕೆ? ಏರುದಾರಿಯಲ್ಲಿ ಓಡಿಸಿದಾಗ ನಾಕ್ (ಇಂಧನ ಅಕಾಲದಲ್ಲಿ ಸ್ಫೋಟಿಸುವುದು) ಮತ್ತು ಒಳಬರುವ ಗಾಳಿಯ ಉಷ್ಣತೆಯ ಲಾಗ್ (ದಾಖಲೆ) ತೋರಿಸುತ್ತೀರಾ? ಮೂಲ ಫೈಲನ್ನು ಉಳಿಸಿಟ್ಟು ಬೇಕಾದಾಗ ಮರಳಿ ಹಾಕಿಕೊಡುತ್ತೀರಾ? ಇವಕ್ಕೆ ಸ್ಪಷ್ಟ ಉತ್ತರ ಬಾರದಿದ್ದರೆ ಅಲ್ಲಿಂದ ಎದ್ದು ಬರುವುದು ಸರಿ, ಏಕೆಂದರೆ ಟ್ಯೂನರುಗಳು ಹೆಚ್ಚಾಗಿ ಬೆಂಗಳೂರಿನಲ್ಲಿದ್ದಾರೆ, ಚೆಕ್ ಎಂಜಿನ್ ದೀಪ ಹೊತ್ತಿಕೊಂಡಾಗ 300 ಕಿ.ಮೀ. ಓಡಬೇಕಾದವರು ನಾವು. ಎಂಜಿನ್ ವಾರಂಟಿ ಬಾಕಿಯಿರುವವರು ಅದು ಮುಗಿಯುವವರೆಗೆ ಕಾಯಬೇಕು.

ಕಾನೂನಿನ ಕಡೆಗೂ ಗಮನವಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಟೈರು, ಪ್ಯಾಡು, ಮೂಲ ಎತ್ತರದ ಶಾಕ್ ಅಬ್ಸಾರ್ಬರುಗಳು ಸವೆಯುವ ಭಾಗಗಳ ಬದಲಿಯಾದ್ದರಿಂದ ಇಂಥ ತೊಡಕಿಗೆ ಅವಕಾಶ ಕಡಿಮೆ. ರಿಮ್ಯಾಪಿನ ವಿಷಯ ಹಾಗಲ್ಲ. ಅದನ್ನು ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದರೆ ಅಪಘಾತದ ಹೊತ್ತಿನಲ್ಲಿ ಕ್ಲೇಮು ತಿರಸ್ಕಾರವಾಗುವ ಸಾಧ್ಯತೆಯಿದೆ.

ಕೆಲಸ ಮುಗಿದ ಮೇಲೆ ಗಾಡಿಯನ್ನು ನೇರವಾಗಿ ಘಾಟಿಗೆ ಒಯ್ಯಬಾರದು. ಚಕ್ರದ ನಟ್ಟುಗಳನ್ನು 50–100 ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿಸಬೇಕು; ಶಾಕ್ ಅಬ್ಸಾರ್ಬರ್ ಬಿಚ್ಚಿದ್ದರೆ ಅಲೈನ್‌ಮೆಂಟ್ ಹೊಸದಾಗಿ ಮಾಡಿಸಲೇಬೇಕು. ಹೊಸ ಪ್ಯಾಡುಗಳನ್ನು ಪಳಗಿಸಲು ಒಣಗಿದ, ವಾಹನಗಳಿಲ್ಲದ ನೇರ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 10ಕ್ಕೆ ಸಮನಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯುವುದನ್ನು ಎಂಟು ಹತ್ತು ಬಾರಿ ಮಾಡಿ, ಆಮೇಲೆ ಬ್ರೇಕ್ ಮುಟ್ಟದೆ ಕೆಲವು ಕಿ.ಮೀ. ಓಡಿಸಿ ಡಿಸ್ಕನ್ನು ಆರಿಸಬೇಕು. ಟೈರು, ಬ್ರೇಕು, ಶಾಕ್ ಅಬ್ಸಾರ್ಬರ್ ಆದ ಮೇಲೆ ಒಂದು ಮಳೆಗಾಲ ಪೂರ್ತಿ ಓಡಿಸಿ, ಆನಂತರವೂ ಏರುದಾರಿಯಲ್ಲಿ ಎಂಜಿನ್ ಸಾಲದೆನಿಸಿದರೆ ಆಗ ರಿಮ್ಯಾಪಿನ ಮಾತೆತ್ತಬಹುದು. ಬಿಚ್ಚಿದ ಭಾಗಗಳಲ್ಲಿ ಚೆನ್ನಾಗಿರುವುದನ್ನು ಬಿಲ್ಲುಗಳೊಡನೆ ಕಟ್ಟಿ, ತೇವ ತಗಲದ ಕಡೆ ಇಟ್ಟುಕೊಳ್ಳಿ; ಕಾರು ಮಾರುವ ದಿನ ಕೊಳ್ಳುವವರು ಕೇಳುವುದು ಮೂಲ ಭಾಗಗಳನ್ನೇ.