ಅಮೆರಿಕದ ಅನುದಾನ, ಅಘನಾಶಿನಿಯ ಪಾಲುದಾರರು: ದುಡ್ಡು ಸಿಕ್ಕಿಬೀಳುವ ಜಾಗ

ಕುಮಟಾ, ಹೊನ್ನಾವರ, ಶಿರಸಿ ಕಡೆಯಿಂದ ಅಮೆರಿಕಕ್ಕೆ ಓದಲು ಬಂದ ನಮ್ಮ ಹುಡುಗ ಹುಡುಗಿಯರು ಈಗ ಊರಿನ ವಿಷಯವನ್ನೇ ಸಂಶೋಧನೆಗೆ ಆರಿಸಿಕೊಳ್ಳುತ್ತಿದ್ದಾರೆ. ಗಜನಿಯ, ಅಂದರೆ ಅಳಿವೆಯ ಉಪ್ಪುನೀರಿನ ಗದ್ದೆಯ, ಕಗ್ಗ ಭತ್ತ, ತದಡಿಯ ಚಿಪ್ಪಿಕಲ್ಲು, ತೋಟಕ್ಕೆ ಸೊಪ್ಪು ಕೊಡುವ ಶಿರಸಿಯ ಸೊಪ್ಪಿನ ಬೆಟ್ಟ. ನನಗೆ ಇದು ತುಂಬಾ ಖುಷಿಯ ಸಂಗತಿ. 2024ರಲ್ಲಿ ಅಘನಾಶಿನಿ ನದಿಯ ಅಳಿವೆ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ, ಅಂದರೆ ರಾಮ್ಸಾರ್ ಪಟ್ಟಿಗೆ ಸೇರಿದೆ. ಅನುದಾನದ ಅರ್ಜಿಯಲ್ಲಿ ಅದನ್ನು ಮರೆಯದೆ ಬರೆಯಿರಿ.

ಅರ್ಜಿ ಬರೆಯುವುದನ್ನು ನಿಮ್ಮ ಗೈಡ್ ಹೇಳಿಕೊಡುತ್ತಾರೆ. ಒಂದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಸ್ಥಳೀಯ ಸಮುದಾಯದ ಜೊತೆ ಮಾಡುವ ಸಂಶೋಧನೆಗೆ ವಿಶ್ವವಿದ್ಯಾಲಯಗಳು ಕೊಡುವ ಎಷ್ಟೋ ಅನುದಾನಗಳು ಆ ಕ್ಯಾಂಪಸ್ಸಿನ ಸುತ್ತಲಿನ ಊರುಗಳಿಗೇ ಮೀಸಲು. ಹೊರದೇಶದ ಪಾಲುದಾರರಿಗೆ, ಅಂದರೆ ನಿಮ್ಮ ಜೊತೆ ಕೆಲಸ ಮಾಡುವ ಊರಿನ ಸಂಘಗಳಿಗೆ, ಅವಕಾಶವಿದೆಯೇ ಎಂದು ಕೇಳಿ, ಆಮೇಲೆ ಊರಿಗೆ ಫೋನ್ ಮಾಡಿ.

ಇಲ್ಲಿನ ಪದ್ಧತಿಯಲ್ಲಿ ನನಗೆ ಇಷ್ಟವಾಗುವುದು ಒಂದಿದೆ. ಎಷ್ಟೋ ಅನುದಾನಗಳಿಗೆ ಪಾಲುದಾರರು ತಾವೇ ಪತ್ರ ಬರೆದು, ತಮಗೆ ಏನು ಬೇಕು ಎಂದು ಹೇಳಬೇಕು. ಅವರ ಕೆಲಸಕ್ಕೆ ಬಜೆಟ್ಟಿನಲ್ಲಿ ದುಡ್ಡು ಇಡಬಹುದು. ನಮ್ಮಲ್ಲಿ ರೈತರಿಂದ ಮಾಹಿತಿ ತೆಗೆದುಕೊಂಡು, ಒಂದು ಚಹಾ ಕುಡಿಸಿ ಕಳಿಸುವುದೇ ಜಾಸ್ತಿ. ಈ ವಿಷಯದಲ್ಲಿ ಅಮೆರಿಕದ ಪದ್ಧತಿಯೇ ಮೇಲು.

ಆದರೆ ಆ ದುಡ್ಡು ಅವರ ಕೈಗೆ ತಲುಪುವುದು ಹೇಗೆ? ಹೊಸಬರು ಮತ್ತೆ ಮತ್ತೆ ಸಿಕ್ಕಿಬೀಳುವುದು ಇಲ್ಲೇ.

ನಮ್ಮ ಕಡೆಯ ಒಬ್ಬಳು ಹುಡುಗಿ ಗಜನಿ ರೈತರ ಒಂದು ಸಂಘಕ್ಕೆ ಅನುದಾನದ ಅರ್ಧ ಪಾಲು ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಳು. ಅನುದಾನವೂ ಮಂಜೂರಾಯಿತು. ಆಗ ವಿಶ್ವವಿದ್ಯಾಲಯದ ಕಚೇರಿ ಕೇಳಿತು: ಸಂಘಕ್ಕೆ ಎಫ್‌ಸಿಆರ್‌ಎ, ಅಂದರೆ ಭಾರತದ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ನೋಂದಣಿ ಇದೆಯೇ? ಇರಲಿಲ್ಲ. ದುಡ್ಡು ಇಲ್ಲೇ ಉಳಿಯಿತು. ಅಲ್ಲಿ ಮಳೆ ಹಿಡಿದು ಬಿತ್ತನೆಯೂ ಮುಗಿಯಿತು. ಸಂಘದವರು ಸ್ವಂತ ದುಡ್ಡಿನಲ್ಲಿ ಬೀಜ ತಂದಿದ್ದರು.

ವಿದೇಶದಿಂದ ಅನುದಾನ ಪಡೆಯುವ ಭಾರತದ ಯಾವ ಸಂಘಕ್ಕಾದರೂ 2010ರ ಈ ಕಾಯ್ದೆಯ ನೋಂದಣಿ ಬೇಕು, ಇಲ್ಲವೇ ಆ ಒಂದು ಕೆಲಸಕ್ಕೆ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು. ನೋಂದಣಿಗೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು. ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ 15 ಲಕ್ಷ ರೂಪಾಯಿಯನ್ನು ತನ್ನ ಮುಖ್ಯ ಕೆಲಸಕ್ಕೆ ಖರ್ಚು ಮಾಡಿರಬೇಕು. ದುಡ್ಡು ಮೊದಲು ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಕುಮಟಾದ ಸಣ್ಣ ಸಂಘ ಇದನ್ನೆಲ್ಲ ಎಲ್ಲಿಂದ ಹೊಂದಿಸೀತು? ವಿದೇಶಿ ಹಣಕ್ಕೆ ಲೆಕ್ಕ ಬೇಕು, ಒಪ್ಪುತ್ತೇನೆ. ಆದರೆ ಹತ್ತಾರು ರೈತರ ಸಂಘಕ್ಕೂ ದೊಡ್ಡ ಸಂಸ್ಥೆಗೂ ಒಂದೇ ಅಳತೆ ಹಾಕುವುದು ಅನ್ಯಾಯ.

ಇಲ್ಲಿ ಎರಡು ಅಡ್ಡದಾರಿಗಳನ್ನು ಜನ ಹೇಳಿಕೊಡುತ್ತಾರೆ. ಎರಡನ್ನೂ ಹಿಡಿಯಬೇಡಿ. ಒಂದು, ನೋಂದಣಿ ಇರುವ ಬೆಂಗಳೂರಿನ ಸಂಸ್ಥೆಗೆ ಕಳಿಸಿ, ಅಲ್ಲಿಂದ ಊರಿನ ಸಂಘಕ್ಕೆ ದಾಟಿಸುವುದು. 2020ರ ತಿದ್ದುಪಡಿಯ ಮೇಲೆ ಹಾಗೆ ದಾಟಿಸುವುದಕ್ಕೆ ನಿಷೇಧವಿದೆ. ಇನ್ನೊಂದು, ದುಡ್ಡನ್ನು ನಿಮ್ಮ ಖಾತೆಗೆ ಹಾಕಿಸಿಕೊಂಡು ಮನೆಯವರ ಮೂಲಕ ಕೊಡಿಸುವುದು. ವಿಶ್ವವಿದ್ಯಾಲಯದ ದುಡ್ಡು ನಿಮ್ಮ ಖಾತೆಗೆ ಬಂದ ಮಾತ್ರಕ್ಕೆ ನಿಮ್ಮ ಉಳಿತಾಯ ಆಗುವುದಿಲ್ಲ, ಅದು ವಿದೇಶಿ ಅನುದಾನವೇ. ಕಷ್ಟಕ್ಕೆ ಸಿಕ್ಕಿಬೀಳುವವರು ಊರಿನವರು, ನೀವಲ್ಲ.

ಸರಿಯಾದ ದಾರಿಗಳೂ ಇವೆ. ನೋಂದಣಿ ಇದ್ದು, ಅಘನಾಶಿನಿ ದಡದಲ್ಲಿ ತಾನೇ ಕೆಲಸ ಮಾಡಬಲ್ಲ ಸಂಸ್ಥೆಯನ್ನು ಪಾಲುದಾರನಾಗಿ ಆರಿಸಿ. ಬರೀ ದೋಣಿ ಬಾಡಿಗೆ, ಬೀಜ ಖರೀದಿಯಾದರೆ ಅದು ವ್ಯಾಪಾರದ ಪಾವತಿ, ಬಿಲ್ಲಿನ ಮೇಲೆ ನಡೆಯಬಹುದು. ಆದರೆ ಅನುದಾನಕ್ಕೆ ಬಿಲ್ಲಿನ ವೇಷ ಹಾಕಬೇಡಿ. ಯಾವುದಕ್ಕೂ ಎಫ್‌ಸಿಆರ್‌ಎ ಬಲ್ಲ ಸಿಎ ಒಬ್ಬರನ್ನು ಮೊದಲು ಕೇಳಿ.

ಜನರ ಮೇಲೆ ನಡೆಸುವ ಸಂಶೋಧನೆಯನ್ನು ಪರಿಶೀಲಿಸುವ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಮಾತು ಚಿಕ್ಕದು. ಇಲ್ಲಿ ಅದನ್ನು ಐಆರ್‌ಬಿ ಅನ್ನುತ್ತಾರೆ. ರಜೆಗೆ ಊರಿಗೆ ಹೋದಾಗ ಸುಮ್ನೆ ಮೀನು ಮಾರುವ ಹೆಂಗಸರ ಮಾತು ರೆಕಾರ್ಡ್ ಮಾಡಿಕೊಂಡು ಬಂದು, ಆಮೇಲೆ ಸಮಿತಿಯ ಒಪ್ಪಿಗೆ ಕೇಳಿದರೆ ಸಿಗುವುದಿಲ್ಲ. ಮೊದಲು ಒಪ್ಪಿಗೆ, ಆಮೇಲೆ ಸಂದರ್ಶನ. ಸಂದರ್ಶನ ಕೊಡುವವರ ಒಪ್ಪಿಗೆ ಪತ್ರ ಅವರಿಗೆ ಅರ್ಥವಾಗುವ ಕನ್ನಡದಲ್ಲಿ, ಇಲ್ಲವೇ ಕೊಂಕಣಿಯಲ್ಲಿ ಇರಲಿ.

ಅರ್ಜಿ ಹಾಕುವ ಮುಂಚೆಯೇ ಅನುದಾನ ಕಚೇರಿಗೆ ಇಮೇಲ್ ಬರೆದು ಕೇಳಿ: ಪಾಲುದಾರರಿಗೆ ಮುಂಗಡ ಕೊಡುತ್ತೀರಾ, ಅಥವಾ ಅವರು ಖರ್ಚು ಮಾಡಿ ರಸೀದಿ ಕೊಟ್ಟ ಮೇಲೆ ತುಂಬಿಕೊಡುತ್ತೀರಾ? ಉತ್ತರ ಬರಹದಲ್ಲಿ ಬರುವವರೆಗೆ ಊರಿನಲ್ಲಿ ಯಾರಿಗೂ ಇಷ್ಟು ರೂಪಾಯಿ ಬರುತ್ತದೆ ಎಂದು ಹೇಳಬೇಡಿ.